ಕಾಡಶೆಟ್ಟಿಹಳ್ಳಿಯ ಗದಿಗೆಯ್ಯ

ಹಾನಗಲ್ಲ ಸೀಮೆಯು ಮಲೆನಾಡಿನ ಅಂಚು, ಬಯಲುನಾಡಿನ ಮೊದಲು. ಒಂದು ಕಡೆ ಕೆರೆ, ಭತ್ತದ ಗದ್ದೆ. ಇನ್ನೊಂದು ಕಡೆ ಜೋಳದ ಹೊಲ. ಕದಂಬರ ಶಾಖೆಯೊಂದು ಆಳಿದ ನೆಲ. ತಾರಕೇಶ್ವರನ ದೇಗುಲದ ನೆಲ. ಹಿಂದೆ ಧಾರವಾಡ ಜಿಲ್ಲೆಗೆ ಸೇರಿದ್ದು 1997ರಿಂದ ಹಾವೇರಿ ಜಿಲ್ಲೆಗೆ ಒಳಪಟ್ಟಿರುವ ಈ ಹಾನಗಲ್ಲ ತಾಲೂಕಿನಲ್ಲಿ ಕಾಡಶೆಟ್ಟಿಹಳ್ಳಿ ಎಂಬುದೊಂದು ಗ್ರಾಮ. ಅಲ್ಲಿಯ ಚರಂತಿಮಠದ ಗುರುಪಾದಯ್ಯ ಮತ್ತು ನೀಲಮ್ಮ ಎಂಬ ಜಂಗಮ ದಂಪತಿಗಳಿಗೆ 1892ನೆಯ ಇಸವಿ ಫೆಬ್ರುವರಿ 2ರಂದು ಒಂದು ಗಂಡು ಮಗುವಾಯಿತು. ಮನೆಯಲ್ಲಿ ಅದಾಗಲೇ ಗುರುಬಸಯ್ಯ ಎಂಬ ಹಿರಿಯ ಮಗನಿದ್ದನು. ಅವನಿಗೆ ಕಣ್ಣಿರಲಿಲ್ಲ. ಹುಟ್ಟಿದ ಎರಡನೆಯ ಮಗುವಿಗೂ ಕಣ್ಣು ಕಾಣಿಸದೆಂಬುದು ತಂದೆತಾಯಿಗಳಿಗೆ ತಿಳಿದುಬಂದಿತು. ಈ ಮಗುವಿಗೆ ಗದಿಗೆಯ್ಯನೆಂದು ಹೆಸರಿಟ್ಟರು. ಮುಂದೆ ಕರ್ನಾಟಕವೆಲ್ಲ ಗಾನಯೋಗಿ ಪಂಚಾಕ್ಷರಿ ಗವಾಯಿಗಳೆಂದು ಕೈಮುಗಿದದ್ದು ಈ ಗದಿಗೆಯ್ಯನಿಗೆ.

ಒಂದು ಬಡ ಮನೆಯಲ್ಲಿ ಕಣ್ಣಿಲ್ಲದ ಇಬ್ಬರು ಗಂಡುಮಕ್ಕಳೆಂದರೆ ಏನೆಂಬುದನ್ನು ಇಂದು ಊಹಿಸಿಕೊಳ್ಳಬೇಕಾದರೆ ಆ ಕಾಲವನ್ನು ಸ್ವಲ್ಪ ನೆನೆಯಬೇಕು. 1876ರಿಂದ 1878ರ ವರೆಗಿನ ಬರವನ್ನು ಕಂಡುಂಡ ಹಿರಿಯರು ಊರೂರಿನಲ್ಲಿಯೂ ಇನ್ನೂ ಬದುಕಿದ್ದರು. ಗದಿಗೆಯ್ಯನಿಗೆ ನಾಲ್ಕೈದು ವರ್ಷವಾಗುವಷ್ಟರಲ್ಲಿ, 1896-97ರಲ್ಲಿ, ಮುಂಬಯಿ ಇಲಾಖೆಯನ್ನು ಮತ್ತೊಂದು ಬರ ಹಿಡಿಯಿತು. ಅದರ ಗಾಯ ಮಾಯುವ ಮೊದಲೇ 1899-1900ರಲ್ಲಿ ಇನ್ನೊಂದು ಬಂದಿತು. ಇವೆರಡರ ನಡುವೆ ಪ್ಲೇಗು ಹುಬ್ಬಳ್ಳಿ ಧಾರವಾಡಗಳ ಕಡೆಗೆ ಕಾಲಿಟ್ಟಿತು. ಕಾಳಿನ ಬೆಲೆ ಏರಿದಾಗ ಮೊದಲು ಬರಿದಾಗುವುದು ಭಿಕ್ಷೆಯ ಜೋಳಿಗೆ. ಭಕ್ತರ ಮನೆಯಲ್ಲಿ ಹಿಟ್ಟಿಲ್ಲದಿದ್ದರೆ ಮಠದ ಮನೆಯಲ್ಲಿ ಒಲೆ ಹೊತ್ತದು.

ಹೊಲದಲ್ಲಿ ದುಡಿಯಲು, ದನ ಕಾಯಲು, ಸಾಲಿಯಲ್ಲಿ ಅಕ್ಷರ ತಿದ್ದಲು ಕಣ್ಣು ಬೇಕು. ಜಂಗಮರ ಮನೆಯ ಮಕ್ಕಳು ಕಲಿಯಬೇಕಾದ ಪೂಜಾವಿಧಿ, ಪುರಾಣ ಪಠಣಗಳಿಗೂ ಓಲೆ ಪುಸ್ತಕಗಳನ್ನು ನೋಡುವ ಕಣ್ಣು ಬೇಕಿದ್ದಿತು. ಅಂಧರಿಗಾಗಿ ಭಾರತದಲ್ಲಿ ಮೊದಲ ಶಾಲೆ ತೆರೆದದ್ದು 1887ರಲ್ಲಿ, ದೂರದ ಅಮೃತಸರದಲ್ಲಿ. ಹಾನಗಲ್ಲ ತಾಲೂಕಿನ ಹಳ್ಳಿಯೊಂದರ ಬಡವರಿಗೆ ಅಂತಹದೊಂದು ಶಾಲೆ ಇರಬಹುದೆಂಬ ಕಲ್ಪನೆಯಾದರೂ ಎಲ್ಲಿಂದ ಬರಬೇಕು? ಅಂದಿನ ದಿನಗಳಲ್ಲಿ ಕಣ್ಣಿಲ್ಲದವನ ಮುಂದೆ ಇದ್ದುದು ಒಂದೇ ದಾರಿ. ಜಾತ್ರೆಯಲ್ಲಿ, ಸಂತೆಯಲ್ಲಿ, ಗುಡಿಯ ಮೆಟ್ಟಿಲ ಮೇಲೆ ಕುಳಿತು ಹಾಡುವುದು. ಬಿದ್ದುದನ್ನು ಕಟ್ಟಿಕೊಂಡು ಬರುವುದು.

ಜಂಗಮನಿಗೆ ಭಿಕ್ಷೆ ಅವಮಾನವಲ್ಲ ಎಂಬ ಮಾತು ನಿಜ. ಅದು ಅವನ ಕಾಯಕ. ಜೋಳಿಗೆ ಹಿಡಿದು ಭಕ್ತನ ಬಾಗಿಲಿಗೆ ಹೋಗುವುದು, ಹರಸುವುದು, ತಂದುದನ್ನು ಲಿಂಗಕ್ಕೆ ಅರ್ಪಿಸಿ ದಾಸೋಹಕ್ಕೆ ನೀಡುವುದು ಇವೆಲ್ಲ ಒಂದು ಧರ್ಮದ ಕಟ್ಟಳೆಗೆ ಸೇರಿದವು. ನೀಡುವವನೂ ಬೇಡುವವನೂ ಅಲ್ಲಿ ಸಮಾನ ಗೌರವಕ್ಕೆ ಪಾತ್ರರು. ಆದರೆ ಕುರುಡನ ತಟ್ಟೆಗೆ ಬೀಳುವ ಕಾಸು ಬೇರೆ. ಅದರಲ್ಲಿ ಕನಿಕರವಿದೆ, ಗೌರವವಿಲ್ಲ. ಚರಂತಿಮಠದ ಇಬ್ಬರು ಹುಡುಗರು ಈ ಎರಡು ಭಿಕ್ಷೆಗಳ ನಡುವಣ ಗೆರೆಯ ಮೇಲೆ ನಿಂತಿದ್ದರು. ತಂದೆತಾಯಿಗಳ ಕಾಲ ಮುಗಿದ ಮೇಲೆ ಅವರು ಯಾವ ಕಡೆಗೆ ಜಾರುವರೆಂಬುದನ್ನು ಹೇಳಲು ಜ್ಯೋತಿಷ್ಯ ಬೇಕಿರಲಿಲ್ಲ. ಪಂಚಾಕ್ಷರಿ ಗವಾಯಿಗಳ ಮುಂದಿನ ಬಾಳೆಲ್ಲವನ್ನೂ ಈ ಗೆರೆಯ ನೆನಪಿನಿಂದಲೇ ಅರ್ಥಮಾಡಿಕೊಳ್ಳಬೇಕೆಂದು ತೋರುತ್ತದೆ.

ಕಣ್ಣನ್ನು ಕೊಡದ ದೈವವು ಇಬ್ಬರಿಗೂ ಕಿವಿಯನ್ನೂ ಕಂಠವನ್ನೂ ಕೊಟ್ಟಿದ್ದಿತು. ಉತ್ತರ ಕರ್ನಾಟಕದ ಹಳ್ಳಿಯೆಂದರೆ ನಾದಕ್ಕೆ ಕೊರತೆಯಿಲ್ಲದ ತಾಣ. ಶ್ರಾವಣದಲ್ಲಿ ಪುರಾಣ, ಸೋಮವಾರ ಭಜನೆ, ಏಕತಾರಿ ಹಿಡಿದು ತತ್ತ್ವಪದ ಹಾಡುತ್ತ ಬರುವ ಸಾಧುಗಳು, ಬಯಲಾಟದ ಮದ್ದಳೆ, ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳ ಹಾಡು. ನೋಡುವ ಮಕ್ಕಳಿಗೆ ಇವೆಲ್ಲ ಬದುಕಿನ ಹಿನ್ನೆಲೆ ಮಾತ್ರ. ಈ ಅಣ್ಣತಮ್ಮಂದಿರಿಗೆ ಅದೇ ಬದುಕು. ಒಮ್ಮೆ ಕೇಳಿದುದನ್ನು ಹಾಗೆಯೇ ಒಪ್ಪಿಸುವ ಶಕ್ತಿ ಅವರಿಗೆ ಬಂದಿದ್ದಿತು. ಅಣ್ಣನು ಹಾಡಿದರೆ ತಮ್ಮನು ದನಿಗೂಡಿಸುವನು. ಊರವರು ಮೆಚ್ಚಿದರು, ಮೆಚ್ಚಿ ಮರುಗಿದರು.

ಹೀಗಿರಲು ಈ ಮಕ್ಕಳ ಗಾಯನ ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಮಹಾಸ್ವಾಮಿಗಳ ಕಿವಿಗೆ ಬಿದ್ದಿತು. ಇಲ್ಲಿ ಶ್ರೀಗಳ ವಿಷಯವಾಗಿ ಸ್ವಲ್ಪ ಹೇಳಬೇಕು. ಏಕೆಂದರೆ ಬೇರೆ ಸ್ವಾಮಿಗಳು ಕೇಳಿದ್ದರೆ ಒಂದು ಶಾಲು, ಒಂದು ಆಶೀರ್ವಾದದಲ್ಲಿ ಆ ಸಂಗತಿ ಮುಗಿದುಹೋಗಬಹುದಾಗಿತ್ತು. ಕುಮಾರ ಮಹಾಸ್ವಾಮಿಗಳು 1867ರಲ್ಲಿ ರಾಣೇಬೆನ್ನೂರು ತಾಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ ಹುಟ್ಟಿದವರು. ಅವರ ತಾಯಿಯ ಹೆಸರೂ ನೀಲಮ್ಮ. ಅವರದೂ ಬಡ ಜಂಗಮರ ಮನೆ. ಹಾಲಯ್ಯ ಎಂಬ ಹೆಸರಿನ ಬಾಲಕನಾಗಿದ್ದಾಗ ಪರಊರಿನಲ್ಲಿ ಕಂತೀಭಿಕ್ಷೆ ಮಾಡಿ, ಅದರಿಂದ ಹೊಟ್ಟೆ ಹೊರೆದುಕೊಂಡು ಸಾಲಿ ಕಲಿತರು. ಮುಲ್ಕೀ ಪರೀಕ್ಷೆಗೆ ಕುಳಿತು ತೇರ್ಗಡೆಯಾಗಲಿಲ್ಲ. ಮುಂದೆ ವೈರಾಗ್ಯದ ದಾರಿ ಹಿಡಿದು ಯಳಂದೂರು ಬಸವಲಿಂಗ ಸ್ವಾಮಿಗಳ ಸೇವೆ ಮಾಡಿ, ಹಾನಗಲ್ಲ ಮಠದ ಅಧಿಕಾರಕ್ಕೆ ಬಂದರು. 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯ ಸ್ಥಾಪನೆಗೂ, 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರದ ಸ್ಥಾಪನೆಗೂ ಕಾರಣಪುರುಷರಾದವರು ಇವರೇ. ಪರೀಕ್ಷೆಯಲ್ಲಿ ಸೋತ, ಭಿಕ್ಷೆಯನ್ನುಂಡು ಓದಿದ ಹುಡುಗನೊಬ್ಬ ಸ್ವಾಮಿಗಳ ಕಾವಿಯ ಒಳಗೆ ಕೊನೆಯವರೆಗೂ ಉಳಿದಿದ್ದನು. ಆದ್ದರಿಂದಲೇ ಇಬ್ಬರು ಕುರುಡ ಮಕ್ಕಳ ಹಾಡಿನಲ್ಲಿ ಅವರಿಗೆ ಕೇಳಿಸಿದ್ದು ಕೇವಲ ಇಂಪಲ್ಲ. ಇವರನ್ನು ಕಲಿಸಬಹುದು, ಕಲಿಸಬೇಕು ಎಂಬ ಕರ್ತವ್ಯ.

ಶ್ರೀಗಳು ಮಕ್ಕಳನ್ನು ತಮ್ಮ ಮಠಕ್ಕೆ ಒಪ್ಪಿಸಬೇಕೆಂದು ಕೇಳಿದರು. ಗುರುಪಾದಯ್ಯನವರೂ ನೀಲಮ್ಮನವರೂ ಒಪ್ಪಿದರು. ಚರಿತ್ರೆಗಳಲ್ಲಿ ಈ ಸಂಗತಿ ಒಂದೇ ವಾಕ್ಯದಲ್ಲಿ ಮುಗಿಯುತ್ತದೆ. ಆದರೆ ಕೈಹಿಡಿದು ನಡೆಸಬೇಕಾದ ಇಬ್ಬರು ಮಕ್ಕಳನ್ನು ಕಣ್ಣಿಗೆ ಕಾಣದ ಊರಿಗೆ ಕಳುಹಿಸಿಕೊಟ್ಟ ತಾಯಿಯ ಮನಸ್ಸನ್ನು ಒಂದು ಕ್ಷಣವಾದರೂ ನೆನೆಯಬೇಕು. ಕಣ್ಣಿರುವ ಮಗನು ಪರಊರಿಗೆ ಹೋದರೆ ದಾರಿ ತಿಳಿದು ಮರಳಿ ಬರಬಲ್ಲನು. ಮಗನು ಹಸಿದನೋ, ಬಿದ್ದನೋ ಎಂಬ ಚಿಂತೆಯನ್ನು ಗುರುವಿನ ಪಾದಕ್ಕೆ ಹಾಕಿ ಸುಮ್ಮನಾಗುವುದು ಸಣ್ಣ ತ್ಯಾಗವಲ್ಲ. ದಾನಿಗಳ ಪಟ್ಟಿಯಲ್ಲಿ ಇಂತಹವರ ಹೆಸರು ಬರುವುದಿಲ್ಲ.

ವಿದ್ಯಾಭ್ಯಾಸ ಆರಂಭವಾಯಿತು. ಮೊದಲು ದಕ್ಷಿಣಾದಿ, ಎಂದರೆ ಕರ್ನಾಟಕ ಸಂಗೀತ. ಅಕ್ಷರ ಕಾಣದ ಶಿಷ್ಯನಿಗೆ ಸಂಗೀತ ಕಲಿಸುವುದು ಗುರುವಿಗೂ ತಪಸ್ಸೇ. ಸರಳೆ, ಜಂಟಿವರಸೆ, ಅಲಂಕಾರ, ಗೀತ, ವರ್ಣ, ಕೃತಿ ಎಂಬ ಕ್ರಮದಲ್ಲಿ ಒಂದೊಂದನ್ನೂ ಬಾಯಿಂದ ಹೇಳಿ ಕಿವಿಗೆ ತುಂಬಬೇಕು. ತಾಳವನ್ನು ಕೈಮೇಲೆ ತಟ್ಟಿ ತೋರಿಸಬೇಕು. ಬೆರಳು ಹಿಡಿದು ತಂತಿಯ ಮೇಲೆ ಇಡಬೇಕು. ಬರೆದಿಟ್ಟುಕೊಂಡು ನಾಳೆ ನೋಡೋಣವೆಂಬ ಅನುಕೂಲ ಅಲ್ಲಿಲ್ಲ. ಇಂದು ಮರೆತರೆ ಅದು ಹೋಯಿತು. ಹೀಗೆ ಕಲಿತದ್ದರಿಂದಲೇ ಗದಿಗೆಯ್ಯನ ವಿದ್ಯೆಯು ಪುಸ್ತಕದಲ್ಲಿ ಉಳಿಯದೆ ಮೈಯಲ್ಲಿ ಇಳಿಯಿತು. ಮುಂದೆ ತಾನೇ ಅಂಧ ಬಾಲಕರಿಗೆ ಕಲಿಸುವಾಗ ಈ ಕ್ರಮವೇ ಕೈಹಿಡಿಯಿತು.

ಈ ನಡುವೆ ಅಣ್ಣ ಗುರುಬಸಯ್ಯನು ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡನು. ಹುಟ್ಟಿದಂದಿನಿಂದ ಒಂದೇ ಕತ್ತಲೆಯನ್ನು ಹಂಚಿಕೊಂಡವನು, ಮೊದಲ ಶ್ರುತಿಯನ್ನು ಹಿಡಿದುಕೊಟ್ಟವನು ಹೋದನು. ಗದಿಗೆಯ್ಯನು ಆ ದುಃಖವನ್ನು ನುಂಗಿಕೊಂಡು ಒಬ್ಬನೇ ಮುಂದೆ ನಡೆದನು. ಶ್ರೀಗಳು ಅವನನ್ನು ಹೆಚ್ಚಿನ ವ್ಯಾಸಂಗಕ್ಕಾಗಿ ಮೈಸೂರಿಗೆ ಕಳುಹಿಸಿದರು. ಸಂಗೀತಕ್ಕೆ ರಾಜಾಶ್ರಯವಿದ್ದ ಆ ನಗರದಲ್ಲಿ ನಾಲ್ಕು ವರ್ಷಗಳ ಕಾಲ ಇದ್ದು ಕರ್ನಾಟಕ ಸಂಗೀತದಲ್ಲಿ ಪರಿಣತಿ ಪಡೆದದ್ದಾಯಿತು. ಗದಿಗೆಯ್ಯನು ಪಂಚಾಕ್ಷರಿಯಾದನು, ಪಂಚಾಕ್ಷರಿಯು ಗವಾಯಿಗಳಾದರು.

ಆದರೆ ಧಾರವಾಡದ ಸೀಮೆಯಲ್ಲಿ ಆಗ ಗಾಳಿ ಬೇರೆ ಕಡೆಯಿಂದ ಬೀಸುತ್ತಿದ್ದಿತು. ಮಿರಜ, ಕೊಲ್ಲಾಪುರಗಳಿಂದ ಹಿಂದೂಸ್ಥಾನಿ ಸಂಗೀತವು ರೈಲಿನ ದಾರಿಗುಂಟ, ನಾಟಕ ಕಂಪನಿಗಳ ಬೆನ್ನಿಗುಂಟ ಹುಬ್ಬಳ್ಳಿ, ಗದಗುಗಳಿಗೆ ಇಳಿದು ಬಂದಿದ್ದಿತು. ಜನರ ಕಿವಿ ಖಯಾಲಿಗೆ ಹೊಂದಿಕೊಳ್ಳುತ್ತಿದ್ದಿತು. ಕುಮಾರ ಮಹಾಸ್ವಾಮಿಗಳು ಇದನ್ನು ಅರಿತು, ಶಿಷ್ಯನು ಅದನ್ನೂ ಕಲಿಯಲೆಂದು ಉಸ್ತಾದ್ ಅಬ್ದುಲ್ ವಹೀದ್ ಖಾನರಿಂದ ಪಾಠದ ವ್ಯವಸ್ಥೆ ಮಾಡಿದರು. ಮಿರಜದ ನೀಲಕಂಠಬುವಾ ಅವರಿಂದಲೂ ಗವಾಯಿಗಳಿಗೆ ವಿದ್ಯೆ ದೊರೆಯಿತು. ಮಲ್ಲಿಕಾರ್ಜುನ ಮನಸೂರರಿಗೆ ಗ್ವಾಲಿಯರ್ ಪದ್ಧತಿಯ ಅಡಿಪಾಯ ಹಾಕಿಕೊಟ್ಟ ಗುರುಗಳು ಈ ನೀಲಕಂಠಬುವಾ ಅವರೇ. ವಿರಕ್ತಮಠದ ಸ್ವಾಮಿಗಳು ಮುಸಲ್ಮಾನ ಉಸ್ತಾದರಿಂದ ಜಂಗಮ ಶಿಷ್ಯನಿಗೆ ಪಾಠ ಹೇಳಿಸಿದ ಈ ಸಂಗತಿಯನ್ನು ಮಠಗಳ ಚರಿತ್ರೆ ಬರೆಯುವವರು ದೊಡ್ಡ ಅಕ್ಷರಗಳಲ್ಲಿ ಬರೆಯಬೇಕು. ವಿದ್ಯೆಗೆ ಜಾತಿಯಿಲ್ಲವೆಂದು ಭಾಷಣ ಮಾಡುವುದಕ್ಕಿಂತ ಸಂಬಳ ಕೊಟ್ಟು ಕಲಿಸುವುದು ಕಠಿಣ.

ಒಂದು ಪದ್ಧತಿಯಲ್ಲಿ ನುರಿತ ಕಂಠವನ್ನು ಇನ್ನೊಂದಕ್ಕೆ ತಿದ್ದುವುದು ಸುಲಭವಲ್ಲ. ಗಮಕದ ಭಾರ ಒಂದರಲ್ಲಿ. ಸ್ವರವನ್ನು ನಿಲ್ಲಿಸಿ ಬೆಳೆಸುವ ನಿಧಾನ ಇನ್ನೊಂದರಲ್ಲಿ. ಎರಡನ್ನೂ ಕಲಸಿಬಿಡದೆ, ಒಂದರ ಮುಂದೆ ಇನ್ನೊಂದನ್ನು ಹೀನವೆಂದು ಎಣಿಸದೆ, ಕೇಳಿದವರಿಗೆ ಕೇಳಿದುದನ್ನು ಶುದ್ಧವಾಗಿ ಕೊಡುವ ಸಾಮರ್ಥ್ಯ ಗವಾಯಿಗಳಿಗೆ ಸಿದ್ಧಿಸಿತು. ಗಾಯನದ ಜೊತೆಗೆ ವಾದ್ಯಗಳೂ ವಶವಾದವು. ತಬಲಾದ ಮೇಲೆ ಅವರ ಕೈ ವಿಶೇಷವಾಗಿ ಪಳಗಿದ್ದಿತು. ಶರಣರ ವಚನಗಳನ್ನು ರಾಗಕ್ಕೆ ಅಳವಡಿಸಿ ಹಾಡುವ ಪರಿಪಾಠವೂ ಅವರಿಂದ ಬೆಳೆಯಿತು.

ಇಷ್ಟು ವಿದ್ಯೆಯುಳ್ಳವರು ಆ ಕಾಲದಲ್ಲಿ ಏನಾಗಬಹುದಾಗಿತ್ತು? ಸಂಸ್ಥಾನಗಳಲ್ಲಿ ಆಸ್ಥಾನ ಗಾಯಕರ ಸ್ಥಾನಗಳಿದ್ದವು. ಧನಿಕರ ಮನೆಯ ಬೈಠಕುಗಳಿದ್ದವು. ಗ್ರಾಮೋಫೋನಿನ ಕಾಲ ಬಂದಿದ್ದಿತು. ಒಬ್ಬ ಮನುಷ್ಯನ ಹೊಟ್ಟೆಗೂ ಕೀರ್ತಿಗೂ ಕೊರತೆ ಬೀಳುತ್ತಿರಲಿಲ್ಲ. ಗವಾಯಿಗಳು ಆ ದಾರಿಯನ್ನು ಹಿಡಿಯಲಿಲ್ಲ. ಗುರುವಿನ ಅಪ್ಪಣೆಯೂ ತಮ್ಮ ಬಾಲ್ಯದ ನೆನಪೂ ಸೇರಿ ಅವರನ್ನು ಬೇರೊಂದು ದಾರಿಗೆ ಎಳೆದವು. ತಾವು ಮದುವೆಯಾಗಲಿಲ್ಲ, ಆಸ್ತಿ ಮಾಡಲಿಲ್ಲ. ಊರೂರಿನಲ್ಲಿ ಗುಡಿಯ ಮೆಟ್ಟಿಲ ಕಡೆಗೆ ಸಾಗುತ್ತಿದ್ದ ಕಣ್ಣಿಲ್ಲದ ಮಕ್ಕಳನ್ನು, ದಿಕ್ಕಿಲ್ಲದ ಅನಾಥರನ್ನು ಕೂಡಿಸಿಕೊಂಡು ಅವರಿಗೆ ಸಂಗೀತ ಕಲಿಸತೊಡಗಿದರು.

ಈ ಶಾಲೆಗೆ ಕಟ್ಟಡವಿರಲಿಲ್ಲ. ಅದು ಸಂಚಾರಿ ಸಂಗೀತ ಪಾಠಶಾಲೆ. ಗುರುಗಳು, ಶಿಷ್ಯರು, ತಂಬೂರಿ, ತಬಲಾ, ಹಾರ್ಮೋನಿಯಂ, ಅಡುಗೆಯ ಪಾತ್ರೆಗಳು ಎಲ್ಲವೂ ಊರಿಂದ ಊರಿಗೆ ಸಾಗುತ್ತಿದ್ದವು. ಮಠವಿದ್ದಲ್ಲಿ ಮಠ, ಭಕ್ತರ ಮನೆಯಿದ್ದಲ್ಲಿ ಅದರ ಪಡಸಾಲೆ ಶಾಲೆಯಾಗುತ್ತಿದ್ದಿತು. ಬೆಳಗಿನ ಜಾವ ಶ್ರುತಿ ಹಿಡಿದು ಸಾಧನೆ, ಪೂಜೆ, ಪಾಠ, ಸಂಜೆ ಊರವರ ಮುಂದೆ ಕೀರ್ತನೆ, ಗಾಯನ. ಪಾಠಕ್ಕೆ ಶುಲ್ಕವಿಲ್ಲ. ಜಾತಿಯನ್ನು ಕೇಳುವ ವಾಡಿಕೆಯಿಲ್ಲ. ಊಟಕ್ಕೆ ಭಕ್ತರು ನೀಡಿದುದೇ ಆಧಾರ. ನೀಡಿದ ದಿನ ರೊಟ್ಟಿ, ನೀಡದ ದಿನ ನುಚ್ಚಿನ ಅಂಬಲಿ, ಅದೂ ಇಲ್ಲದ ದಿನ ನೀರು. ಮಕ್ಕಳ ಸಂಖ್ಯೆ ಹೆಚ್ಚಿದಂತೆ ಜೋಳಿಗೆ ಚಿಕ್ಕದಾಗುತ್ತಿದ್ದಿತು; ಆದರೂ ಬಂದ ಕುರುಡ ಮಗುವನ್ನು ಹಿಂದಕ್ಕೆ ಕಳುಹಿಸುವುದು ಗವಾಯಿಗಳಿಂದಾಗದ ಮಾತು. ಕಾಡಶೆಟ್ಟಿಹಳ್ಳಿಯಲ್ಲಿ ಬಾಲ್ಯದಲ್ಲಿ ಕಂಡ ಹಸಿವನ್ನು ಅವರು ಹೀಗೆ ಎರಡನೆಯ ಸಲ, ತಾವಾಗಿ ಕರೆದು ಮನೆಯೊಳಗೆ ಸೇರಿಸಿಕೊಂಡರು. ಮೊದಲನೆಯ ಸಲ ಅದು ವಿಧಿಯದಾಗಿತ್ತು. ಈ ಸಲ ಅವರದೇ.

ಆದರೆ ಒಂದು ವ್ಯತ್ಯಾಸವಿದ್ದಿತು. ಅವರ ಮಕ್ಕಳು ಊರ ಮುಂದೆ ಹಾಡಿದಾಗ ಕೇಳುವವರು ಕುರುಡರೆಂದು ಕಾಸು ಎಸೆಯಲಿಲ್ಲ. ಗವಾಯಿಗಳ ಶಿಷ್ಯರೆಂದು ಕುಳಿತು ಕೇಳಿದರು, ತಪ್ಪಿದರೆ ತಪ್ಪಿತೆಂದರು. ಆ ತಪ್ಪನ್ನು ಎತ್ತಿ ಹೇಳುವುದರಲ್ಲಿಯೇ ಒಂದು ಗೌರವವಿದೆ.

1930ರಲ್ಲಿ ಕುಮಾರ ಮಹಾಸ್ವಾಮಿಗಳು ಲಿಂಗೈಕ್ಯರಾದರು. ತಂದೆಯಂತಿದ್ದ ಗುರುವನ್ನೂ, ಕಷ್ಟಕಾಲದ ಆಶ್ರಯವನ್ನೂ ಗವಾಯಿಗಳು ಒಟ್ಟಿಗೆ ಕಳೆದುಕೊಂಡರು. ಮಕ್ಕಳ ಹೊಟ್ಟೆ ಮಾತ್ರ ದಿನಕ್ಕೆ ಎರಡು ಸಲ ಕೇಳುತ್ತಲೇ ಇದ್ದಿತು. ಆಗ ಅವರಿಗೆ ಆಸರೆಯಾದದ್ದು ನಾಟಕ. ಶ್ರೀ ಕುಮಾರೇಶ್ವರ ಕೃಪಾಪೋಷಿತ ನಾಟ್ಯಸಂಘವೆಂದು ಗುರುವಿನ ಹೆಸರನ್ನೇ ತಲೆಯ ಮೇಲೆ ಹೊತ್ತ ಕಂಪನಿಯೊಂದು ಹುಟ್ಟಿಕೊಂಡಿತು. ಯೋಗಿಗಳ ಆಶ್ರಮವು ನಾಟಕದ ಟಿಕೇಟಿನಿಂದ ನಡೆಯುವುದೇ ಎಂದು ಇಂದಿನವರಿಗೆ ವಿಚಿತ್ರವೆನಿಸಬಹುದು. ಗರುಡ ಸದಾಶಿವರಾಯರ ಕಂಪನಿಯಿಂದ ಹೆಸರಾದ ಗದಗಿನ ಸೀಮೆಯಲ್ಲಿ ಆಗ ಸಂಗೀತವಿಲ್ಲದ ನಾಟಕವಾಗಲಿ, ನಾಟಕದ ನಂಟಿಲ್ಲದ ಸಂಗೀತವಾಗಲಿ ವಿರಳವಾಗಿದ್ದಿತು. ಗವಾಯಿಗಳು ಆಡಿಸಿದವು ಶರಣರ, ಭಕ್ತರ ಕಥೆಗಳು. ಹಾಡಬಲ್ಲ ಮಕ್ಕಳಿದ್ದರು, ನುಡಿಸಬಲ್ಲ ಮಕ್ಕಳಿದ್ದರು. ಕೈಚಾಚಿ ಬೇಡುವುದಕ್ಕಿಂತ ದುಡಿದು ಉಣ್ಣುವುದು ಬಸವಣ್ಣನವರ ಕಾಯಕಕ್ಕೆ ಹತ್ತಿರವಲ್ಲವೇ?

ಅವರ ಬಳಿಗೆ ಬಂದ ಮಕ್ಕಳಲ್ಲಿ ಒಬ್ಬನ ಕಥೆಯನ್ನು ಬಿಡುವಂತಿಲ್ಲ. ಅದೇ ಹಾನಗಲ್ಲ ಸೀಮೆಯ ದೇವಗಿರಿಯಲ್ಲಿ 1914ರ ಮಾರ್ಚ್ 3ರಂದು ರೇವಯ್ಯ, ಸಿದ್ದಮ್ಮ ಎಂಬ ದಂಪತಿಗಳಿಗೆ ಹುಟ್ಟಿದ ಪುಟ್ಟಯ್ಯನೆಂಬ ಮಗು ಎಳವೆಯಲ್ಲಿಯೇ ದೃಷ್ಟಿಯನ್ನೂ, ತಂದೆತಾಯಿಗಳನ್ನೂ ಕಳೆದುಕೊಂಡಿತು. ಸೋದರಮಾವ ಚಂದ್ರಶೇಖರಯ್ಯನವರು ಅದನ್ನು ಸಾಕಿದರು. ಮಾವನ ಹಾರ್ಮೋನಿಯಂ ಮೇಲೆ ಬೆರಳಾಡಿಸಿ ತಾನಾಗಿಯೇ ಸ್ವರ ಹುಡುಕುತ್ತಿದ್ದ ಹುಡುಗನನ್ನು ಕಂಡು, ಅವರು ಅವನನ್ನು ಗವಾಯಿಗಳ ಕೈಗೆ ತಂದೊಪ್ಪಿಸಿದರು. ಹಿಂದೊಮ್ಮೆ ಕಾಡಶೆಟ್ಟಿಹಳ್ಳಿಯಿಂದ ಹೊರಟಂತಹುದೇ ಇನ್ನೊಂದು ಮಗು. ಹಾಗೆಯೇ ಬೇರೊಬ್ಬರ ಕೈಹಿಡಿದು ಬಂದುದು. ಈ ಸಲ ಕೈಚಾಚಿ ತೆಗೆದುಕೊಂಡ ಗುರುವಿಗೂ ಕಣ್ಣಿರಲಿಲ್ಲ. ಅವರು ಪುಟ್ಟಯ್ಯನಿಗೆ ಉಭಯ ಸಂಗೀತವನ್ನೂ ಧಾರೆಯೆರೆದರು. ಹಾಡುಗಾರನನ್ನಾಗಿ ಮಾತ್ರವಲ್ಲ, ಆಶ್ರಮದ ಕೂಳಿಗೆ ಹೊಣೆಗಾರನಾಗಿಯೂ ಬೆಳೆಸಿದರು. ಪುಟ್ಟಯ್ಯನು ನಟನಾದನು, ನಾಟಕಕಾರನಾದನು, ಕವಿಯಾದನು.

ಗವಾಯಿಗಳ ಶಿಷ್ಯವರ್ಗದಲ್ಲಿ ಕಣ್ಣಿದ್ದವರೂ ಇದ್ದರು. ಧಾರವಾಡ ಜಿಲ್ಲೆಯ ಯಲಿವಾಳದಲ್ಲಿ 1917ರಲ್ಲಿ ಹುಟ್ಟಿದ ಬಸವರಾಜ ರಾಜಗುರು ಹದಿಮೂರರ ಪ್ರಾಯದಲ್ಲಿ ತಂದೆಯ ಆಸರೆ ತಪ್ಪಿದ ಬಾಲಕರು. ಅವರ ಕಂಠವನ್ನು ಗುರುತಿಸಿ ಕರೆತಂದವರು ಗವಾಯಿಗಳು. 1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ಹಂಪಿಯಲ್ಲಿ ನಡೆದಾಗ ಈ ತರುಣರ ಗಾಯನವಾಯಿತು. ಅಂದು ತಬಲಾ ಸಾಥಿಗೆ ಕುಳಿತವರು ಸ್ವತಃ ಗುರುಗಳು. ಸಂಗೀತದ ಕಚೇರಿಯಲ್ಲಿ ಮುಂದಿನ ಜಾಗ ಗಾಯಕನದು, ಪಕ್ಕದ ಜಾಗ ಸಾಥಿದಾರನದು. ಆ ಪಕ್ಕದ ಜಾಗವನ್ನು ಗುರುವೇ ಆರಿಸಿಕೊಂಡರು. ಶಿಷ್ಯನ ಕೀರ್ತಿ ಅಂದು ಹಂಪಿಯಲ್ಲಿ ಆರಂಭವಾಗಿ ದೇಶವೆಲ್ಲ ಹಬ್ಬಿತು.

ಅಲೆದಾಡುತ್ತಿದ್ದ ಪಾಠಶಾಲೆಗೆ ಕೊನೆಗೆ ಗದಗಿನಲ್ಲಿ ನೆಲೆ ದೊರೆಯಿತು. ಬಸರಿಗಿಡದ ವೀರಪ್ಪನವರೆಂಬ ದಾನಿಗಳು ಜಾಗವನ್ನು ಕೊಟ್ಟು ಮಕ್ಕಳ ತಲೆಯ ಮೇಲೊಂದು ಸೂರು ಬರುವಂತೆ ಮಾಡಿದರು. ವೀರೇಶ್ವರ ಪುಣ್ಯಾಶ್ರಮವೆಂದು ನಾಡು ಬಲ್ಲದ್ದು ಇದನ್ನೇ. ಗುಡಿಸಲಿರಲಿ, ತಗಡಿನ ಮನೆಯಿರಲಿ, ಮಳೆ ಬಂದರೆ ಮುಂದಿನ ಊರಿಗೆ ಓಡಬೇಕಿಲ್ಲವೆಂಬ ನೆಮ್ಮದಿ ಆ ಮಕ್ಕಳಿಗೆ ಬಂದಿತು. ಗುರುಗಳ ದೇಹ ಮಾತ್ರ ಅಷ್ಟರಲ್ಲಿ ಸವೆದುಹೋಗಿತ್ತು. ದಶಕಗಳ ಅಲೆದಾಟ, ಮಕ್ಕಳು ಉಂಡ ಮೇಲೆ ಉಳಿದುದನ್ನು ಉಣ್ಣುವ ಅಭ್ಯಾಸ, ಸಾಲದ ಚಿಂತೆ ಇವು ಯಾವ ಗಟ್ಟಿಮುಟ್ಟಾದ ಮೈಯನ್ನೂ ಬಿಡುವವಲ್ಲ. 1944ರ ಜೂನ್ 11ರಂದು, ತಮ್ಮ 52ನೆಯ ವಯಸ್ಸಿನಲ್ಲಿ, ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದರು.

ಅವರು ಬಿಟ್ಟುಹೋದದ್ದು ಕೆಲವು ವಾದ್ಯಗಳು, ನಾಟಕದ ಕೆಲವು ಪರದೆಗಳು, ಉಣ್ಣಬೇಕಾದ ಮಕ್ಕಳು. ಆ ಹೊಣೆಯನ್ನು ಮೂವತ್ತು ವರ್ಷ ವಯಸ್ಸಿನ ಪುಟ್ಟಯ್ಯನವರು ಹೊತ್ತುಕೊಂಡರು. ಪುಟ್ಟರಾಜ ಗವಾಯಿಗಳೆಂದು ಹೆಸರಾಗಿ, 2010ರ ಸೆಪ್ಟೆಂಬರ್ 17ರಂದು ತೀರಿಕೊಳ್ಳುವವರೆಗೆ, 66 ವರ್ಷಗಳ ಕಾಲ ಆ ಅಡುಗೆಮನೆಯ ಒಲೆಯನ್ನೂ ಪಡಸಾಲೆಯ ತಂಬೂರಿಯನ್ನೂ ಆರದಂತೆ ನೋಡಿಕೊಂಡರು. ಬಳ್ಳಾರಿ ಸೀಮೆಯ ಲಕ್ಷ್ಮೀಪುರದಿಂದ ಬಂದ ವೆಂಕಟೇಶಕುಮಾರರೆಂಬ ಬಾಲಕ 1968ರಲ್ಲಿ ಆಶ್ರಮದ ಬಾಗಿಲಿಗೆ ಬಂದಾಗ ಪಂಚಾಕ್ಷರಿ ಗವಾಯಿಗಳು ಹೋಗಿ 24 ವರ್ಷಗಳಾಗಿದ್ದವು. ಹುಡುಗನಿಗೆ ಅಲ್ಲಿ ಹನ್ನೆರಡು ವರ್ಷ ಊಟ ಸಿಕ್ಕಿತು, ಪಾಠ ಸಿಕ್ಕಿತು. ಶುಲ್ಕವನ್ನು ಯಾರೂ ಕೇಳಲಿಲ್ಲ.